ಮುನ್ನಾರ್ ಚಹಾ ತೋಟಗಳ ಪ್ರವಾಸ

ಮುನ್ನಾರ್ ಕೇರಳ ರಾಜ್ಯದ ಇಡುಕ್ಕಿ ಜಿಲ್ಲೆಯ ದೇವಿಕುಳಂ ತಾಲ್ಲೂಕಿನಲ್ಲಿರುವ ಒಂದು ಗಿರಿಧಾಮ. ಪಶ್ಚಿಮ ಘಟ್ಟದಲ್ಲಿ ಸಮುದ್ರಮಟ್ಟದಿಂದ ಸುಮಾರು 1,500ರಿಂದ 1,600 ಮೀಟರ್ ಎತ್ತರದಲ್ಲಿರುವ ಈ ಪಟ್ಟಣದ ಸುತ್ತಲಿನ ಬೆಟ್ಟಗಳನ್ನು ಚಹಾ ತೋಟಗಳು ಆವರಿಸಿವೆ. ನೀಲಗಿರಿ, ವಾಲ್ಪಾರೈ ಮತ್ತು ವಯನಾಡುಗಳಂತೆ ಇಲ್ಲಿಗೂ ಪ್ರವಾಸಿಗರು ಮುಖ್ಯವಾಗಿ ತೋಟಗಳನ್ನು ನೋಡಲೆಂದೇ ಬರುತ್ತಾರೆ. ಆದರೆ ಈ ತೋಟಗಳು ಉದ್ಯಾನಗಳಲ್ಲ. ದಿನವೂ ಸಾವಿರಾರು ಕಾರ್ಮಿಕರು ಕೆಲಸ ಮಾಡುವ, ಅವರ ಮನೆ, ಶಾಲೆ, ಗುಡಿ, ಚರ್ಚುಗಳನ್ನೂ ಒಳಗೊಂಡ ಉತ್ಪಾದನಾ ಸ್ಥಳಗಳು. ಮುನ್ನಾರ್ ಭೇಟಿಯ ಸ್ವರೂಪವನ್ನು ತಿಳಿಯಲು ಈ ವ್ಯತ್ಯಾಸ ಮುಖ್ಯವಾದುದು.

ಹೆಸರು ಮತ್ತು ನೆಲೆ

ಮುತಿರಪ್ಪುಳ, ನಲ್ಲತಣ್ಣಿ ಮತ್ತು ಕುಂಡಲ ಎಂಬ ಮೂರು ಹೊಳೆಗಳು ಕೂಡುವ ಜಾಗವಾದ್ದರಿಂದ ಊರಿಗೆ ಈ ಹೆಸರು ಬಂದಿದೆ. ತಮಿಳು ಮತ್ತು ಮಲಯಾಳಂನಲ್ಲಿ 'ಆರ್' ಅಥವಾ 'ಆರು' ಎಂದರೆ ಹೊಳೆ. ಊರಿನ ಉತ್ತರಕ್ಕೆ ಇರವಿಕುಳಂ ರಾಷ್ಟ್ರೀಯ ಉದ್ಯಾನವಿದ್ದು, ದಕ್ಷಿಣ ಭಾರತದ ಅತಿ ಎತ್ತರದ ಶಿಖರವಾದ ಆನಮುಡಿ (2,695 ಮೀಟರ್) ಅದರ ವ್ಯಾಪ್ತಿಯಲ್ಲಿದೆ. ತೋಟಗಳ ಹೆಚ್ಚಿನ ಭಾಗ 'ಕಣ್ಣನ್ ದೇವನ್ ಬೆಟ್ಟಗಳು' ಎಂಬ ಪ್ರದೇಶಕ್ಕೆ ಸೇರುತ್ತದೆ. ಇದೇ ಹೆಸರಿನ ಚಹಾಪುಡಿ ಕೇರಳದ ಮನೆಮನೆಗೂ ಪರಿಚಿತ.

ಇತಿಹಾಸ

ಇಂದು ಚಹಾ ಇರುವೆಡೆ ಮೊದಲು ಶೋಲಾ ಕಾಡು ಮತ್ತು ಹುಲ್ಲುಗಾವಲು ಇದ್ದವು. ಮುದುವಾನ್ ಬುಡಕಟ್ಟಿನವರು ಈ ಬೆಟ್ಟಗಳ ಹಳೆಯ ನಿವಾಸಿಗಳು. 1877ರಲ್ಲಿ ತಿರುವಾಂಕೂರು ಸಂಸ್ಥಾನದ ಏಲಕ್ಕಿ ಬೆಟ್ಟಗಳ ಮೇಲ್ವಿಚಾರಕನಾಗಿದ್ದ ಜಾನ್ ಡೇನಿಯಲ್ ಮನ್ರೋ, ಪೂಂಜಾರ್ ಅರಸುಮನೆತನದಿಂದ ಸುಮಾರು 227 ಚದರ ಮೈಲಿ ಬೆಟ್ಟಸೀಮೆಯನ್ನು ಗುತ್ತಿಗೆಗೆ ಪಡೆದನು. ಎರಡು ವರ್ಷಗಳ ಬಳಿಕ ನಾರ್ತ್ ಟ್ರಾವಂಕೂರ್ ಲ್ಯಾಂಡ್ ಪ್ಲಾಂಟಿಂಗ್ ಅಂಡ್ ಅಗ್ರಿಕಲ್ಚರಲ್ ಸೊಸೈಟಿ ಸ್ಥಾಪನೆಯಾಯಿತು. ಅದರ ಸದಸ್ಯರು ಕಾಫಿ, ಸಿಂಕೋನಾ, ಏಲಕ್ಕಿ, ಕತ್ತಾಳೆ ಹೀಗೆ ಒಂದಾದ ಮೇಲೊಂದು ಬೆಳೆಯನ್ನು ಪ್ರಯೋಗಿಸಿ ನೋಡಿದರು. 1880ರಲ್ಲಿ ಎ. ಎಚ್. ಶಾರ್ಪ್ ಎಂಬಾತ ಇಂದಿನ ಸೆವೆನ್‌ಮಲೈ ತೋಟದ ಭಾಗವಾಗಿರುವ ಪಾರ್ವತಿ ಎಂಬಲ್ಲಿ ಸುಮಾರು 50 ಎಕರೆಯಲ್ಲಿ ಚಹಾ ನೆಟ್ಟನು. ಉಳಿದ ಬೆಳೆಗಳು ಹಿಂದೆ ಸರಿದು, ಕೊನೆಗೆ ನಿಂತದ್ದು ಚಹಾ.

ಫಿನ್ಲೇ ಕಂಪನಿಯ ಪ್ರವೇಶದ ನಂತರ 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಅಸ್ತಿತ್ವಕ್ಕೆ ಬಂದಿತು. ಚಹಾಪೆಟ್ಟಿಗೆಗಳನ್ನು ಘಟ್ಟದಿಂದ ಇಳಿಸುವುದೇ ಆಗಿನ ದೊಡ್ಡ ಸಮಸ್ಯೆಯಾಗಿತ್ತು. ಮುನ್ನಾರ್‌ನಿಂದ ಟಾಪ್ ಸ್ಟೇಷನ್‌ವರೆಗೆ ಮೊದಲು ಎತ್ತುಗಳು ಎಳೆಯುವ ಒಂಟಿಹಳಿಯ ಗಾಡಿಯೂ, 1908ರಿಂದ ಎರಡಡಿ ಅಗಲದ ಹಳಿಗಳ ಕುಂಡಲ ಕಣಿವೆ ರೈಲುಮಾರ್ಗವೂ ಓಡಿದವು. ಟಾಪ್ ಸ್ಟೇಷನ್‌ನಿಂದ ಪೆಟ್ಟಿಗೆಗಳನ್ನು ತಂತಿಮಾರ್ಗದ ಮೂಲಕ ಬೋಡಿನಾಯಕನೂರಿನ ಕಡೆಗೆ ಇಳಿಸಲಾಗುತ್ತಿತ್ತು. ಇಂದು ಮಂಜಿನ ನೋಟಕ್ಕೆ ಹೆಸರಾದ ಟಾಪ್ ಸ್ಟೇಷನ್‌ಗೆ ಆ ಹೆಸರು ಬಂದದ್ದು ಈ ಸಾಗಣೆಯಿಂದಲೇ ಹೊರತು ಪ್ರವಾಸದಿಂದಲ್ಲ. 1924ರ ಜುಲೈನಲ್ಲಿ ಬಂದ ಮಹಾಪ್ರವಾಹದಲ್ಲಿ (ಮಲಯಾಳಿಗಳು ಕೊಲ್ಲಂ ವರ್ಷ 1099ನ್ನು ನೆನೆದು 'ತೊಂಬತ್ತೊಂಬತ್ತರ ಪ್ರವಾಹ' ಎನ್ನುತ್ತಾರೆ) ರೈಲುಮಾರ್ಗ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಹಳೆಯ ನಿಲ್ದಾಣದ ಕಟ್ಟಡ ಚಹಾ ಕಂಪನಿಯ ಕಚೇರಿಯಾಗಿ ಉಳಿದಿದೆ.

1964ರಲ್ಲಿ ಟಾಟಾ ಮತ್ತು ಫಿನ್ಲೇ ಕಂಪನಿಗಳು ಪಾಲುದಾರರಾದವು. 1983ರಲ್ಲಿ ತೋಟಗಳು ಟಾಟಾ ಟೀ ಸಂಸ್ಥೆಗೆ ಸೇರಿದವು. ಈ ನಡುವೆ ಕೇರಳ ಸರ್ಕಾರವು 1971ರ ಕಾಯಿದೆಯೊಂದರ ಮೂಲಕ ಸಾಗುವಳಿಯಿಲ್ಲದ ಬೆಟ್ಟಭೂಮಿಯನ್ನು ಕಂಪನಿಯಿಂದ ವಾಪಸು ಪಡೆಯಿತು. ತೋಟಗಾರರು ಬೇಟೆಗಾಗಿ ಕಾಯ್ದಿಟ್ಟುಕೊಂಡಿದ್ದ ಇರವಿಕುಳಂ ಹುಲ್ಲುಗಾವಲು ಹೀಗೆ ಉಳಿದು, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿರುವ ನೀಲಗಿರಿ ತಾರ್ ಎಂಬ ಕಾಡುಮೇಕೆಗಳು ತಮ್ಮ ಉಳಿವಿಗೆ ಬೇಟೆಗಾರರಿಗೂ ಸ್ವಲ್ಪ ಋಣಿ ಎನ್ನುವುದು ಇತಿಹಾಸದ ವಿಚಿತ್ರ. 2005ರಲ್ಲಿ ಟಾಟಾ ಟೀ ತೋಟಗಳ ನಿರ್ವಹಣೆಯಿಂದ ಹಿಂದೆ ಸರಿದಾಗ, ನೌಕರರೇ ಷೇರುದಾರರಾಗಿರುವ ಕಣ್ಣನ್ ದೇವನ್ ಹಿಲ್ಸ್ ಪ್ಲಾಂಟೇಷನ್ಸ್ ಕಂಪನಿ ರೂಪುಗೊಂಡಿತು.

ತೋಟದ ನೋಟ

ಕೊಡಗು ಅಥವಾ ಚಿಕ್ಕಮಗಳೂರಿನಿಂದ ಬರುವವರಿಗೆ ಇಲ್ಲಿ ಮೊದಲು ಕಾಣುವುದು ಬಯಲು. ಕಾಫಿ ಗಿಡ ಕಾಡುಮರಗಳ ದಟ್ಟ ನೆರಳಿನಲ್ಲಿ ಬೆಳೆದರೆ, ಚಹಾಕ್ಕೆ ಅಲ್ಲಲ್ಲಿ ನಿಂತ ಸಿಲ್ವರ್ ಓಕ್‌ಗಳ ತೆಳುನೆರಳು ಸಾಕು. ಬೆಟ್ಟದ ಮೈಯನ್ನು ಹಸಿರು ಕಂಬಳಿ ಹೊದಿಸಿದಂತೆ ಕಾಣುವ ನೋಟಕ್ಕೆ ಕಾರಣ ಪ್ರಕೃತಿಯಲ್ಲ, ಕತ್ತರಿ. ತನ್ನಷ್ಟಕ್ಕೆ ಬಿಟ್ಟರೆ ಚಹಾ ಗಿಡ ಮರವಾಗಿ ಬೆಳೆಯುತ್ತದೆ. ಚಿಗುರು ಕೈಗೆಟುಕುವಂತೆ ಅದನ್ನು ಸೊಂಟದ ಎತ್ತರದಲ್ಲಿ ಸಮತಟ್ಟಾಗಿ ಕಾಯ್ದುಕೊಳ್ಳಲಾಗುತ್ತದೆ ಮತ್ತು ಕೆಲವು ವರ್ಷಗಳಿಗೊಮ್ಮೆ ಬುಡದ ಕಡೆಗೆ ಸವರಲಾಗುತ್ತದೆ. ಹೊಸದಾಗಿ ಸವರಿದ ತೋಟ ಬೋಳು ಕಡ್ಡಿಗಳ ಬಯಲಾಗಿರುತ್ತದೆ. ಪ್ರವಾಸಿಗರು ಅದನ್ನು ಒಣಗಿದ ತೋಟವೆಂದು ಭಾವಿಸುವುದುಂಟು.

ಗಿಡಗಳ ನಡುವೆ ಕಾಣುವ, ಚಿತ್ರಪಟಗಳಲ್ಲಿ ವಿನ್ಯಾಸದಂತೆ ತೋರುವ ಸೀಳುಗೆರೆಗಳು ವಾಸ್ತವವಾಗಿ ಕಾರ್ಮಿಕರ ಕಾಲುದಾರಿಗಳು. ಒಂದೇ ಗಿಡದಿಂದ ಸಾಮಾನ್ಯವಾಗಿ ಒಂದೆರಡು ವಾರಗಳಿಗೊಮ್ಮೆ ಚಿಗುರು ಕೀಳಬೇಕಾಗುವುದರಿಂದ ಈ ದಾರಿಗಳು ಮುಚ್ಚಿಹೋಗುವುದಿಲ್ಲ. ಎರಡೆಲೆ ಮತ್ತು ಒಂದು ಕುಡಿಯನ್ನು ಬೆರಳಿನಿಂದ ಚಿವುಟುವ ಚಿತ್ರ ಎಲ್ಲೆಡೆ ಪ್ರಸಿದ್ಧವಾಗಿದ್ದರೂ, ಇಂದು ಹೆಚ್ಚಿನ ಕೊಯ್ಲು ಎಲೆ ತುಂಬಿಕೊಳ್ಳುವ ತಟ್ಟೆ ಜೋಡಿಸಿದ ದೊಡ್ಡ ಕತ್ತರಿಯಿಂದ ನಡೆಯುತ್ತದೆ.

ಚಳಿಗಾಲದಲ್ಲಿ, ವಿಶೇಷವಾಗಿ ಜನವರಿಯ ಬೆಳಗುಗಳಲ್ಲಿ, ಸೆವೆನ್‌ಮಲೈ, ಚೆಂಡುವರೈ ಮೊದಲಾದ ಕಡೆ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಸುದ್ದಿ ಹರಡಿದೊಡನೆ ಪ್ರವಾಸಿಗರ ವಾಹನಗಳು ಏರತೊಡಗುತ್ತವೆ. ಅದೇ ಹಿಮದ ಮೇಲೆ ಬಿಸಿಲು ಬಿದ್ದಾಗ ಚಹಾದ ಎಲೆ ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿ, ಇಳುವರಿ ನಷ್ಟವಾಗುತ್ತದೆ.

ಕಾರ್ಖಾನೆ ಮತ್ತು ವಸ್ತುಸಂಗ್ರಹಾಲಯ

ತೋಟದಲ್ಲಿ ಚಹಾದ ವಾಸನೆ ಇರುವುದಿಲ್ಲ. ಹಸಿ ಎಲೆಯನ್ನು ಉಜ್ಜಿ ಮೂಸಿದರೆ ಬರುವುದು ಸೊಪ್ಪಿನ ವಾಸನೆ ಮಾತ್ರ. ಪರಿಮಳ ಹುಟ್ಟುವುದು ಕಾರ್ಖಾನೆಯಲ್ಲಿ. ಕೊಯ್ದ ಎಲೆಯನ್ನು ಉದ್ದನೆಯ ತೊಟ್ಟಿಗಳಲ್ಲಿ ಹರಡಿ, ಗಾಳಿ ಹಾಯಿಸಿ, ಸುಮಾರು ಅರ್ಧ ದಿನ ಬಾಡಿಸಲಾಗುತ್ತದೆ. ಆಮೇಲೆ ಹಲ್ಲುಗಳಿರುವ ಉರುಳೆಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿಯಾಗಿಸುತ್ತಾರೆ. ಸಿ.ಟಿ.ಸಿ. ಎಂಬ ಮೂರಕ್ಷರಗಳು ಈ ಮೂರು ಕ್ರಿಯೆಗಳನ್ನೇ ಸೂಚಿಸುತ್ತವೆ. ಜಜ್ಜಿದ ಎಲೆ ಗಾಳಿಗೆ ಒಡ್ಡಿಕೊಂಡು ಹಸಿರಿನಿಂದ ತಾಮ್ರದ ಬಣ್ಣಕ್ಕೆ ತಿರುಗುವ ಹಂತವನ್ನು ಕಾರ್ಖಾನೆಗಳಲ್ಲಿ 'ಹುದುಗುವಿಕೆ' ಎಂದು ಕರೆಯುವ ರೂಢಿಯಿದೆ. ಆದರೆ ಇದು ದೋಸೆಹಿಟ್ಟಿನ ಹುದುಗಿನಂತೆ ಸೂಕ್ಷ್ಮಜೀವಿಗಳ ಕೆಲಸವಲ್ಲ, ಎಲೆಯ ರಸವು ಆಮ್ಲಜನಕದೊಡನೆ ನಡೆಸುವ ಕ್ರಿಯೆ. ಬಿಸಿಗಾಳಿಯಲ್ಲಿ ಒಣಗಿಸಿದಾಗ ಅದು ನಿಲ್ಲುತ್ತದೆ. ಕೊನೆಗೆ ನಾರು ಬೇರ್ಪಡಿಸಿ, ಜರಡಿ ಹಿಡಿದು ದರ್ಜೆಗಳಾಗಿ ವಿಂಗಡಿಸಲಾಗುತ್ತದೆ. ಒಂದು ಕಿಲೋ ಚಹಾಪುಡಿಗೆ ನಾಲ್ಕೂವರೆ ಕಿಲೋದಷ್ಟು ಹಸಿ ಎಲೆ ಬೇಕು.

ಈ ಹಂತಗಳನ್ನು ಪಟ್ಟಣದ ಸಮೀಪದ ನಲ್ಲತಣ್ಣಿ ತೋಟದಲ್ಲಿರುವ ಚಹಾ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. 2005ರಲ್ಲಿ ಆರಂಭವಾದ ಇಲ್ಲಿ ಹಳೆಯ ಯಂತ್ರಗಳು, 1913ರ ಒಂದು ನೆರಳುಗಡಿಯಾರ, ರೈಲುಮಾರ್ಗದ ಅವಶೇಷಗಳು ಮತ್ತು ತೋಟದ ಬಂಗಲೆಗಳ ಪೀಠೋಪಕರಣಗಳಿವೆ. ದೊರೆಗಳ ಬದುಕಿಗೆ ದೊರೆತಷ್ಟು ಜಾಗ ಎಲೆ ಕೊಯ್ದವರ ಬದುಕಿಗೆ ಇಲ್ಲಿ ದೊರೆತಿಲ್ಲ.

ಸೂರ್ಯನೆಲ್ಲಿಯಿಂದ ಕಲ್ಲುದಾರಿಯಲ್ಲಿ ಜೀಪಿನ ಮೂಲಕ ತಲುಪಬೇಕಾದ ಕೊಳುಕ್ಕುಮಲೈ ಇನ್ನೊಂದು ಆಕರ್ಷಣೆ. ದಾರಿ ಕೇರಳದಿಂದಾದರೂ ತೋಟ ತಮಿಳುನಾಡಿನ ತೇನಿ ಜಿಲ್ಲೆಗೆ ಸೇರಿದೆ. ಏಳು ಸಾವಿರ ಅಡಿಗೂ ಎತ್ತರದ ಇಲ್ಲಿನ ಹಳೆಯ ಕಾರ್ಖಾನೆಯಲ್ಲಿ ಸಿ.ಟಿ.ಸಿ. ಬದಲು ಎಲೆಯನ್ನು ಉರುಳಿಸಿ ಹೊಸೆಯುವ ಸಾಂಪ್ರದಾಯಿಕ ವಿಧಾನ ಉಳಿದಿದೆ. 'ಜಗತ್ತಿನಲ್ಲೇ ಅತಿ ಎತ್ತರದ ಚಹಾ ತೋಟ' ಎಂಬ ಪ್ರಚಾರವನ್ನು ಪ್ರಚಾರವೆಂದೇ ಗ್ರಹಿಸುವುದು ಒಳಿತು. ಸೂರ್ಯೋದಯದ ಹೊತ್ತಿಗೆ ಮೋಡಗಳು ಕಾಲ ಕೆಳಗಿರುವ ನೋಟಕ್ಕೆ ಆ ಪ್ರಚಾರದ ಅಗತ್ಯವಿಲ್ಲ.

ಕಾರ್ಮಿಕರು

ತೋಟಗಳನ್ನು ಕಟ್ಟಿದವರು ತಮಿಳು ನಾಡಿನ ಬಯಲುಸೀಮೆಯಿಂದ ಕಂಗಾಣಿಗಳ ಮೂಲಕ ಬಂದ ಕೂಲಿಕಾರರು. ಇವರಲ್ಲಿ ದಲಿತ ಸಮುದಾಯಗಳವರ ಸಂಖ್ಯೆ ದೊಡ್ಡದು. ಮಲೆನಾಡಿನ ಮೇಸ್ತ್ರಿಯಂತೆ ಕಂಗಾಣಿಯೂ ಆಳುಗಳನ್ನು ಮುಂಗಡ ಕೊಟ್ಟು ಕರೆತಂದು ಅವರ ಮೇಲೆ ಅಧಿಕಾರ ನಡೆಸುತ್ತಿದ್ದವನು. ಹಲವು ತಲೆಮಾರುಗಳ ಬಳಿಕವೂ ತೋಟಗಳ ಮನೆಮಾತು ತಮಿಳೇ. ಕಾಫಿ ತೋಟಗಳಲ್ಲಿ 'ಲೈನ್ ಮನೆ' ಎನ್ನುವ ಸಾಲುಮನೆಗಳಿಗೆ ಇಲ್ಲಿ 'ಲಯಂ' ಎಂದು ಹೆಸರು. ನೋಟದ ತಾಣಗಳಿಂದ ಕಣಿವೆಯ ತಳದಲ್ಲಿ ಪುಟ್ಟ ಪೆಟ್ಟಿಗೆಗಳಂತೆ ಕಾಣುವುದು ಇವೇ. ಮನೆ ಕಂಪನಿಯದು. ಕೆಲಸದಿಂದ ನಿವೃತ್ತರಾದವರು ಮನೆಯನ್ನೂ ಬಿಡಬೇಕು. ಮಕ್ಕಳಲ್ಲೊಬ್ಬರು ತೋಟದ ಕೆಲಸಕ್ಕೆ ಸೇರಿದರೆ ಮಾತ್ರ ಕುಟುಂಬ ಅಲ್ಲೇ ಉಳಿಯಬಹುದು. ಸ್ವಂತ ನೆಲವಿಲ್ಲದ ಈ ಸ್ಥಿತಿಯೇ ಇಲ್ಲಿನ ಹೋರಾಟಗಳ ಮೂಲ.

2015ರ ಸೆಪ್ಟೆಂಬರ್‌ನಲ್ಲಿ ಬೋನಸ್ ಪ್ರಮಾಣವನ್ನು ಶೇ. 20ರಿಂದ 10ಕ್ಕೆ ಇಳಿಸಿದಾಗ ಮಹಿಳಾ ಕಾರ್ಮಿಕರು ಬೀದಿಗಿಳಿದರು. 'ಪೊಂಬಿಳೈ ಒರುಮೈ', ಅಂದರೆ ಹೆಂಗಸರ ಒಗ್ಗಟ್ಟು, ಎಂಬ ಹೆಸರಿನಲ್ಲಿ ಸಾವಿರಾರು ಮಂದಿ ಮುನ್ನಾರ್ ಪಟ್ಟಣದ ರಸ್ತೆಗಳನ್ನು ತಡೆದು ಕುಳಿತರು. ತಮ್ಮನ್ನು ಪ್ರತಿನಿಧಿಸುತ್ತಿದ್ದ ಕಾರ್ಮಿಕ ಸಂಘಗಳ ಪುರುಷ ನಾಯಕರನ್ನೂ ಅವರು ಹತ್ತಿರ ಸೇರಿಸಲಿಲ್ಲ. ಒಂಬತ್ತು ದಿನಗಳ ಬಳಿಕ ಶೇ. 20ರಷ್ಟು ಮೊತ್ತ ಕೊಡಲು ಒಪ್ಪಂದವಾಯಿತು. ದಿನಗೂಲಿಯನ್ನು 232 ರೂಪಾಯಿಯಿಂದ 500ಕ್ಕೆ ಏರಿಸಬೇಕೆಂಬ ಬೇಡಿಕೆ ಮಾತ್ರ ಈಡೇರಲಿಲ್ಲ. ಮುಂದಿನ ಮಾತುಕತೆಗಳಲ್ಲಿ ಅದು 301 ರೂಪಾಯಿಗೆ ನಿಂತಿತು.

2020ರ ಆಗಸ್ಟ್ 6ರ ರಾತ್ರಿ ಇರವಿಕುಳಂ ಪಕ್ಕದ ಪೆಟ್ಟಿಮುಡಿಯಲ್ಲಿ ಬೆಟ್ಟ ಕುಸಿದು ನಾಲ್ಕು ಸಾಲು ಲಯಂಗಳು ಮಣ್ಣುಪಾಲಾದವು. 70 ಮಂದಿ ಸತ್ತರು. ಅವರಲ್ಲಿ ನಾಲ್ವರ ದೇಹಗಳು ದೊರೆಯಲೇ ಇಲ್ಲ. ಮಳೆಯಿಂದ ವಿದ್ಯುತ್ತೂ ದೂರವಾಣಿಯೂ ಕಡಿದುಹೋಗಿದ್ದ ಕಾರಣ ಸುದ್ದಿ ಹೊರಜಗತ್ತಿಗೆ ತಲುಪಿದ್ದು ಮರುದಿನ ಬೆಳಿಗ್ಗೆ. ಬದುಕುಳಿದ ಕೆಲವು ಕುಟುಂಬಗಳಿಗೆ ನಂತರ ಕುಟ್ಟಿಯಾರ್ ಕಣಿವೆಯಲ್ಲಿ ಮನೆಗಳನ್ನು ಕಟ್ಟಿಕೊಡಲಾಯಿತು. ನೀಲಗಿರಿ ತಾರ್ ನೋಡಲು ಪ್ರವಾಸಿಗರು ಸಾಲುಗಟ್ಟುವ ರಾಜಮಲೆಯಿಂದ ಈ ಜಾಗ ದೂರವಿಲ್ಲ.

ಭೇಟಿ

ಕೊಚ್ಚಿಯಿಂದ ಕೊಚ್ಚಿ–ಧನುಷ್ಕೋಡಿ ರಾಷ್ಟ್ರೀಯ ಹೆದ್ದಾರಿಯ ಮೂಲಕ ಮುನ್ನಾರ್ ಸುಮಾರು 130 ಕಿ.ಮೀ. ದೂರದಲ್ಲಿದೆ. ಬೆಂಗಳೂರಿನ ಕಡೆಯಿಂದ ಹೋಗುವವರು ಉಡುಮಲೈಪೇಟೆ, ಚಿನ್ನಾರ್ ವನ್ಯಜೀವಿಧಾಮ ಮತ್ತು ಶ್ರೀಗಂಧದ ಕಾಡಿಗೆ ಹೆಸರಾದ ಮರಯೂರಿನ ಮೂಲಕ ಸಾಗುವುದುಂಟು. ಮಳೆನೆರಳಿನ ಕುರುಚಲು ಕಾಡಿನಿಂದ ಒಮ್ಮೆಲೇ ಚಹಾದ ಹಸಿರಿಗೆ ಏರುವ ಈ ದಾರಿ ಹೆಚ್ಚು ಸ್ವಾರಸ್ಯಕರ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಪ್ರವಾಸಕ್ಕೆ ಅನುಕೂಲ. ಜೂನ್‌ನಿಂದ ಆಗಸ್ಟ್‌ವರೆಗೆ ಭಾರಿ ಮಳೆಯ ಜೊತೆ ಭೂಕುಸಿತದ ಅಪಾಯವಿರುತ್ತದೆ. ಗ್ಯಾಪ್ ರಸ್ತೆ ಹಲವು ಬಾರಿ ಕುಸಿದು ಮುಚ್ಚಿದೆ. ತಾರ್‌ಗಳು ಮರಿಹಾಕುವ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ಇರವಿಕುಳಂ ಸಾಮಾನ್ಯವಾಗಿ ಮುಚ್ಚಿರುತ್ತದೆ. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ ಇಲ್ಲಿ 2006 ಮತ್ತು 2018ರಲ್ಲಿ ಅರಳಿತ್ತು.

ರಸ್ತೆಗಳು ತೋಟಗಳ ನಡುವೆಯೇ ಹಾದರೂ ಗಿಡಗಳ ನಡುವಿನ ನೆಲ ಖಾಸಗಿ. ಒಳಹೋಗಲು ಅನುಮತಿ ಬೇಕು. ಔಷಧಿ ಸಿಂಪಡಿಸಿರಬಹುದಾದ ಎಲೆಯನ್ನು ಕಿತ್ತು ಬಾಯಿಗಿಡುವುದು ಸರಿಯಲ್ಲ. ತೂಕದ ಲೆಕ್ಕದಲ್ಲಿ ಕೆಲಸ ಮಾಡುವ ಹೆಂಗಸರನ್ನು ಚಿತ್ರಕ್ಕಾಗಿ ನಿಲ್ಲಿಸಿದರೆ ನಷ್ಟ ಅವರದು. ಸಂಜೆಯ ನಂತರ ತೋಟದ ದಾರಿಗಳಲ್ಲಿ ಕಾಡಾನೆಗಳು ತಿರುಗಾಡುತ್ತವೆ. ಸ್ಥಳೀಯರು 'ಪಡಯಪ್ಪ' ಎಂದು ಕರೆಯುವ ಒಂಟಿ ಸಲಗ ಪ್ರವಾಸಿಗರಿಗೂ ಪರಿಚಿತ. ಚಿನ್ನಕ್ಕನಾಲ್ ಭಾಗದಲ್ಲಿ ಅಕ್ಕಿಗಾಗಿ ಮನೆ, ಅಂಗಡಿಗಳನ್ನು ಒಡೆಯುತ್ತಿದ್ದ 'ಅರಿಕೊಂಬನ್' ಎಂಬ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆಡೆಗೆ ಸಾಗಿಸಲಾಯಿತು.

ಚಹಾಪುಡಿ ಕೊಳ್ಳುವವರು ಚಾಕೊಲೇಟ್, ಮಾವು ಮುಂತಾದ ಕೃತಕ ಪರಿಮಳ ಬೆರೆಸಿದ, ಪಟ್ಟಣದ ಅಂಗಡಿಗಳಲ್ಲಿ ಎದ್ದು ಕಾಣುವ ಪೊಟ್ಟಣಗಳಿಗಿಂತ ತೋಟದ ಕಂಪನಿಗಳ ಮಳಿಗೆಗಳನ್ನು ಆಶ್ರಯಿಸುವುದು ಮೇಲು. ಹಾಲು ಬೆರೆಸಿ ಕುಡಿಯುವವರಿಗೆ ಸಿ.ಟಿ.ಸಿ. ಪುಡಿಯೂ, ಹಾಲಿಲ್ಲದೆ ಕುಡಿಯುವವರಿಗೆ ಸಾಂಪ್ರದಾಯಿಕ ವಿಧಾನದ ಎಲೆಚಹಾವೂ ಹೊಂದುತ್ತದೆ. ಲಯಂಗಳ ಒಲೆಗಳ ಮೇಲೆ ಕುದಿಯುವುದು ಮಾತ್ರ ಬಹುಪಾಲು ಅತಿ ನುಣುಪಾದ 'ಡಸ್ಟ್' ದರ್ಜೆಯ ಪುಡಿ.