ನಾಯಕಿಯ ಬೆಲೆಯೂ ತಂಡದ ಬಲವೂ

ಹೆಣ್ಣುಮಕ್ಕಳ ಆಟಕ್ಕೂ ಈಗ ಸಂಬಳ ಸಲ್ಲುವುದೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆ ಸಂಬಳವೇ ತಂಡದ ಕೈಯನ್ನು ಹೇಗೆ ಕಟ್ಟುವುದೆಂಬುದನ್ನು ಇಲ್ಲಿ ವಿವರಿಸುವೆವು.

ಸ್ತ್ರೀಯರ ಪ್ರೀಮಿಯರ್ ಲೀಗ್ ಕ್ರಿಕೆಟಿನ ಪ್ರಥಮ ಹರಾಜು 2023ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಜರಗಿತು. ಪ್ರತಿಯೊಂದು ತಂಡವೂ 12 ಕೋಟಿ ರೂಪಾಯಿಗಳೊಳಗೆ 15ರಿಂದ 18 ಮಂದಿಯನ್ನು ಆರಿಸತಕ್ಕದ್ದೆಂಬುದು ಆಗಿನ ನಿಯಮವಾಗಿತ್ತು. ಬೆಂಗಳೂರಿನ ತಂಡವು ಸ್ಮೃತಿ ಮಂಧಾನರೊಬ್ಬರಿಗೇ 3 ಕೋಟಿ 40 ಲಕ್ಷವನ್ನು ಕೊಟ್ಟಿತು. ರಿಚಾ ಘೋಷ್, ಎಲಿಸ್ ಪೆರ್ರಿ, ರೇಣುಕಾ ಸಿಂಗ್ ಈ ಮೂವರಿಗೆ ಕೂಡಿ 5 ಕೋಟಿ 10 ಲಕ್ಷವಾಯಿತು. ಮಿಕ್ಕ 14 ಸ್ಥಾನಗಳಿಗೆ 3 ಕೋಟಿ 50 ಲಕ್ಷ ಮಾತ್ರ ಉಳಿಯಿತು. ಇಂತಹ ಸ್ಥಿತಿಯಲ್ಲಿ ಮುಖ್ಯ ಆಟಗಾರ್ತಿಯೊಬ್ಬಳು ಗಾಯಗೊಂಡರೆ, ಅವಳ ಸಮಾನಳನ್ನು ಕಾದಿರಿಸಿಕೊಳ್ಳಲು ಹಣವಿರದು. ಆ ವರ್ಷ ತಂಡವು 8 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿತು.

ಯಕ್ಷಗಾನ ಮೇಳವುಳ್ಳ ಪೆರ್ಡೂರಿನವರಿಗೆ ಇದು ಹೊಸ ಮಾತಲ್ಲ. ಹೆಸರಾಂತ ವೇಷಧಾರಿಯಿಂದ ಜನ ಕೂಡುವರು, ನಿಜ. ಆದರೆ ಭಾಗವತರೂ ಚೆಂಡೆ ಮದ್ದಳೆಯವರೂ ಹಾಸ್ಯಗಾರರೂ ಸಮರ್ಥರಾಗಿರದಿದ್ದರೆ ಆಟವು ಬೆಳಗಿನ ತನಕ ಸಾಗದು.

ಹಾಗೆಂದು ಪ್ರಸಿದ್ಧರಿಗೆ ಹೆಚ್ಚು ಕೊಡುವುದು ತಪ್ಪೆನ್ನಲಾಗದು. 2024ರಲ್ಲಿ ಅದೇ ತಂಡವು ಪ್ರಶಸ್ತಿ ಗಳಿಸಿದಾಗ, ಲೀಗಿನಲ್ಲೇ ಅತ್ಯಧಿಕ ರನ್ನುಗಳು ಪೆರ್ರಿಯವರವು. ಆದರೆ ಅಂತಿಮ ಪಂದ್ಯದಲ್ಲಿ 12 ರನ್ನುಗಳಿಗೆ 4 ವಿಕೆಟ್ ಕಿತ್ತವರು ಕರ್ನಾಟಕದ ಶ್ರೇಯಾಂಕಾ ಪಾಟೀಲರು. ಹರಾಜಿನಲ್ಲಿ ಅವರ ಬೆಲೆ 10 ಲಕ್ಷ! ದೊಡ್ಡ ಬೆಲೆ ತೆತ್ತವರು ಸಣ್ಣ ಬೆಲೆಯಲ್ಲಡಗಿದ ಗುಣವನ್ನು ಗುರುತಿಸಲೇಬೇಕು. ಮಗಳ ಯೋಗ್ಯತೆಯನ್ನು ಅಳೆಯುವ ತಾಯಿತಂದೆಗಳೂ ಇದನ್ನು ನೆನಪಿನಲ್ಲಿಡುವುದು ಒಳ್ಳಿತು.