ಪಾಂಡವರ ಮನೆಯಲ್ಲಿ ಇದ್ದವರಾರು?



ಊರಾಚೆಯ ಗುಡ್ಡದ ಮೇಲೆ ದುಂಡಗೆ ಜೋಡಿಸಿದ ಗುಂಡುಕಲ್ಲುಗಳನ್ನೋ, ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪೆಟ್ಟಿಗೆಯಂಥ ಕೋಣೆಯನ್ನೋ ನೀವು ನೋಡಿರಬಹುದು. ನಮ್ಮ ಜನ ಇವನ್ನು 'ಪಾಂಡವರ ಮನೆ', 'ಮೋರಿಯರ ಮನೆ' ಎನ್ನುತ್ತಾರೆ. ಆದರೆ ಇವುಗಳಲ್ಲಿ ಹೆಚ್ಚಿನವು ಬದುಕಿದ್ದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಇವನ್ನು ಬೃಹತ್ ಶಿಲಾಸಮಾಧಿಗಳೆಂದು ಕರೆಯುತ್ತಾರೆ.

ಕತ್ತಲಗೆರೆ, ಹೊನ್ನಾಳಿಯ ಕಡೆಯವರಿಗೆ ಈ ಚರಿತ್ರೆ ದೂರದ್ದಲ್ಲ. ಹೊನ್ನಾಳಿಯನ್ನು ಹಾದು ಹೋಗುವ ತುಂಗಭದ್ರೆಯ ದಡದಲ್ಲೇ ಹಾವೇರಿ ಜಿಲ್ಲೆಯ ಹಳ್ಳೂರು ಇದೆ. ಅಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಸುಮಾರು 3000 ವರ್ಷ ಹಳೆಯ ಕಬ್ಬಿಣದ ಬಾಣದ ಮೊನೆಗಳು ದೊರೆತವು. ಜಗಳೂರಿನಿಂದ ಈಶಾನ್ಯಕ್ಕೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಂಥ ಸಮಾಧಿಗಳನ್ನು ಅಗೆಸಿದರು.

ಅವರು ಕಂಡದ್ದೇನು? ನಾಲ್ಕು ಚಪ್ಪಡಿಗಳ ಕೋಣೆ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ, ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು. ಒಂದೇ ಕೋಣೆಯಲ್ಲಿ ಹಲವರ ತಲೆಬುರುಡೆ, ಕೈಕಾಲುಗಳ ಮೂಳೆಗಳಿದ್ದವು. ಶವವನ್ನು ಮೊದಲು ಬೇರೆಡೆ ಇಟ್ಟು, ಆಮೇಲೆ ಮೂಳೆಗಳನ್ನು ಆಯ್ದು ತಂದಿರಬೇಕೆಂದು ವ್ಹೀಲರ್ ಊಹಿಸಿದರು.

ಇಂಗ್ಲೆಂಡಿನಲ್ಲೂ ಇಂಥ ಸಮಾಧಿಗಳಿವೆ. ಅಲ್ಲಿನ ವೆಸ್ಟ್ ಕೆನೆಟ್ ದಿಬ್ಬ ಸುಮಾರು 5600 ವರ್ಷ ಹಳೆಯದು. ಉದ್ದ ಸುಮಾರು 100 ಮೀಟರ್. ಅದರ ಕಲ್ಲುಕೋಣೆಗಳಲ್ಲೂ ಹಲವರ ಮೂಳೆಗಳಿದ್ದವು. ಎರಡು ನಾಡುಗಳಿಗೂ ಸಂಬಂಧವಿತ್ತೆಂದು ಇದರಿಂದ ಹೇಳಲಾಗದು. ಕಾಲವೇ ಬೇರೆ, ಜನರೇ ಬೇರೆ. ಅಗಲಿದವರನ್ನು ಮರೆಯಬಾರದೆಂಬ ಹಂಬಲ ಮಾತ್ರ ಒಂದೇ.

ಈಗ ಗಮನಿಸಿ. ಬ್ರಹ್ಮಗಿರಿಯ ಕಥೆಯನ್ನು ಹೇಳಿದ್ದು ಮಡಕೆಯ ಬೆಲೆಯಲ್ಲ, ಅದು ಇದ್ದ ಜಾಗ. ಮೂಳೆ ಎಲ್ಲಿತ್ತು, ಅದರ ಕೆಳಗೇನಿತ್ತು, ಕಂಡಿ ಯಾವ ದಿಕ್ಕಿಗಿತ್ತು ಎಂಬುದೇ ಸಾಕ್ಷಿ. ನಿಧಿಯ ಆಸೆಗೆ ಅಗೆದರೆ, ಕಟ್ಟಡಕ್ಕೆಂದು ಕಲ್ಲು ಸಾಗಿಸಿದರೆ, ಆ ಸಾಕ್ಷಿ ಒಂದೇ ದಿನದಲ್ಲಿ ಅಳಿಯುತ್ತದೆ. ಮತ್ತೆ ಜೋಡಿಸಲು ಯಾರಿಂದಲೂ ಆಗದು.

ನಿಮ್ಮೂರಿನ ಬಳಿ ಇಂಥ ಕಲ್ಲುಗಳಿದ್ದರೆ ಮುಟ್ಟದೆ ನೋಡಿ. ಎಣಿಸಿ, ಚಿತ್ರ ಬರೆಯಿರಿ, ಹಿರಿಯರು ಅವನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದಿಡಿ. ನಿಮ್ಮ ಅಧ್ಯಾಪಕರ ಮೂಲಕ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಬರವಣಿಗೆ ಬಿಟ್ಟುಹೋಗದ ಆ ಜನರ ಪುಸ್ತಕ ಇದೊಂದೇ. ಅದರ ಹಾಳೆ ಹರಿಯದಂತೆ ಕಾಯುವುದು ನಿಮ್ಮ ಕೈಯಲ್ಲಿದೆ.