ವ್ಯಾಯಾಮ, ಪಥ್ಯಗಳಿಂದ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ದೇಹದ ಕೊಬ್ಬು ಟ್ರೈಗ್ಲಿಸರೈಡ್ ರೂಪದಲ್ಲಿ ಕೊಬ್ಬಿನ ಕೋಶಗಳಲ್ಲಿ ಸಂಗ್ರಹವಾಗಿರುತ್ತದೆ. ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳಿಂದ ಅದು ರಚಿತವಾಗಿದೆ. ಆಹಾರದಿಂದ ಸಿಗುವುದಕ್ಕಿಂತ ಹೆಚ್ಚು ಶಕ್ತಿ ಖರ್ಚಾದಾಗ ಈ ದಾಸ್ತಾನು ಒಡೆದು ಕೊಬ್ಬಿನಾಮ್ಲ, ಗ್ಲಿಸರಾಲ್‌ಗಳಾಗಿ ರಕ್ತಕ್ಕೆ ಸೇರುತ್ತದೆ. ಸ್ನಾಯು ಮೊದಲಾದ ಅಂಗಾಂಶಗಳು ಅವನ್ನು ಆಮ್ಲಜನಕದ ನೆರವಿನಿಂದ ಉರಿಸಿ ಶಕ್ತಿ ಪಡೆಯುತ್ತವೆ. ಕೊನೆಗೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು.

10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರ ತೂಕದಲ್ಲಿ ಸುಮಾರು 8.4 ಕಿಲೋ ಉಸಿರಿನಲ್ಲಿಯೂ, 1.6 ಕಿಲೋ ನೀರಾಗಿ ಮೂತ್ರ, ಬೆವರು ಮೊದಲಾದವುಗಳಲ್ಲಿಯೂ ಹೊರಬೀಳುತ್ತದೆ. ಹಾಗೆಂದು ಸುಮ್ಮನೆ ಕುಳಿತು ಜೋರಾಗಿ ಉಸಿರಾಡಿದರೆ ಕೊಬ್ಬು ಕರಗದು. ಬೆವರಿಳಿಸಿದ ತಕ್ಷಣ ಕಡಿಮೆಯಾಗುವ ತೂಕವೂ ಬಹುಪಾಲು ನೀರಿನದೇ. ತೆಳ್ಳಗಾದಾಗ ಕೊಬ್ಬಿನ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ. ಊಟ ಅತಿಯಾದರೆ ಅವು ಮತ್ತೆ ತುಂಬಿಕೊಳ್ಳುತ್ತವೆ.